ಕೊಲಂಬಸ್‌ನ ಹಳೇ ಸೋಡಾ ಫೌಂಟನ್‌ಗೆ ಹೋಗ್ತಿದ್ದೀವಿ, ಏನು ತಗೋಬೇಕು ಹೇಳ್ತೀರಾ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗದವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆಗಿದ್ದೇನೆ. ಸದ್ಯಕ್ಕೆ ಮಗನ ಮನೆಯಲ್ಲಿದ್ದೇವೆ, ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ. ಒಹಾಯೋದಲ್ಲಿರುವ ದೊಡ್ಡ ಕೊಲಂಬಸ್ ಅಲ್ಲ, ಇದು ಚಿಕ್ಕ ಊರು. ಎಂಜಿನ್ ಕಂಪನಿ ಇಲ್ಲೇ ಇರೋದರಿಂದ ನಮ್ಮ ಕಡೆಯ ಹುಡುಗರೂ ಇದ್ದಾರೆ. ನಿಮ್ಮಲ್ಲಿ ಕೆಲವರಿಗೆ ಈ ಊರು ಗೊತ್ತಿರಬಹುದು.

ಬರುವ ಶನಿವಾರ ಮಗ ನಮ್ಮನ್ನು ಜಹಾರಾಕೋಸ್ ಅನ್ನುವ ಹಳೇ ಐಸ್ ಕ್ರೀಮ್ ಪಾರ್ಲರ್‌ಗೆ ಕರೆದುಕೊಂಡು ಹೋಗ್ತಾನಂತೆ. "ಅಮ್ಮಾ, ಅದು ಬರೀ ಐಸ್ ಕ್ರೀಮ್ ಅಂಗಡಿ ಅಲ್ಲ, ಸೋಡಾ ಫೌಂಟನ್" ಅಂದ. ಹಾಗಂದ್ರೇನು ಅಂದೆ. ಹಿಂದೆ ಇಲ್ಲಿ ಮೆಡಿಕಲ್ ಶಾಪುಗಳಲ್ಲೇ ಸೋಡಾ, ಐಸ್ ಕ್ರೀಮ್ ಎಲ್ಲ ಮಾರುತ್ತಿದ್ದರು ಅಂತ ಹೇಳಿ ಆಫೀಸಿಗೆ ಹೊರಟುಹೋದ.

ನಮ್ಮ ಯಜಮಾನರು 34 ವರ್ಷ ಮೆಡಿಕಲ್ ಶಾಪ್ ನಡೆಸಿದವರು. ಡಾಕ್ಟರ ಚೀಟಿ ನೋಡಿ ಮಿಕ್ಸ್‌ಚರ್ ಅಳೆದು, ಬಾಟಲಿಗೆ ತುಂಬಿ, ಡೋಸ್ ಗುರುತಿನ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕಾಲದಿಂದ ಈ ಕಸುಬಿನಲ್ಲಿದ್ದವರು. ಅವರಿಗೆ ಇದು ನಂಬಿಕೆ ಬರುತ್ತಿಲ್ಲ. "ಔಷಧಿ ಅಂಗಡಿಯಲ್ಲಿ ನೊಣ ಮುತ್ತುವ ಪದಾರ್ಥ ಯಾರಾದರೂ ಇಡ್ತಾರಾ?" ಅಂತ ಎರಡು ದಿನದಿಂದ ಕೇಳುತ್ತಲೇ ಇದ್ದಾರೆ. ಮಗನಿಗೆ ಕೆಲಸದ ಒತ್ತಡ, ಕೂತು ವಿವರಿಸುವಷ್ಟು ಪುರುಸೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇದು ನಿಜಾನಾ? ಔಷಧಿಗೂ ಸೋಡಾಕ್ಕೂ ಏನು ಸಂಬಂಧ? ನಾವು ಮೊಟ್ಟೆ ತಿನ್ನುವುದಿಲ್ಲ. ಇಲ್ಲಿಯ ಐಸ್ ಕ್ರೀಮ್‌ನಲ್ಲಿ ಮೊಟ್ಟೆ ಇರುತ್ತದೆ ಅಂತ ಯಾರೋ ಹೆದರಿಸಿದ್ದಾರೆ. ಮೆನುವಿನಲ್ಲಿ "ರೂಟ್ ಬಿಯರ್" ಅಂತ ಇದೆಯಂತೆ, ಅದನ್ನು ಮಕ್ಕಳಿಗೂ ಕೊಡ್ತಾರಂತೆ. ಹೇಗೆ? ಜೊತೆಗೆ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಅವರನ್ನು ಅಲ್ಲಿ ಕೂರಿಸಿ ನಾವು ಮಾತ್ರ ತಿನ್ನೋಕೆ ಮನಸ್ಸು ಬರಲ್ಲ. ಅವರಿಗೆ ಏನಾದರೂ ಸಿಗುತ್ತಾ?

ತಿಳಿದವರು ನಿಧಾನವಾಗಿ ಬರೆಯಿರಿ. ಅವರಿಗೆ ಓದಿ ಹೇಳುತ್ತೇನೆ.

ಉತ್ತರ: ಮಲ್ಲಿಗೆಬಳ್ಳಿ

ಅಮ್ಮಾ, ನಮಸ್ಕಾರ. ನಾನು ಇಂಡಿಯಾನಾಪೊಲಿಸ್‌ನಲ್ಲಿ 18 ವರ್ಷದಿಂದ ಇದ್ದೇನೆ. ನಿಮ್ಮ ಕೊಲಂಬಸ್ ನಮಗೆ ಒಂದು ಗಂಟೆಯ ದಾರಿ. ಅಪ್ಪ ಅಮ್ಮ ಬಂದಾಗ, ಅತ್ತೆ ಬಂದಾಗ, ಚಿಕ್ಕಮ್ಮ ಬಂದಾಗ, ಎಲ್ಲರನ್ನೂ ಆ ಅಂಗಡಿಗೆ ಕರೆದುಕೊಂಡು ಹೋಗಿದ್ದೇನೆ. ನನಗೆ ತುಂಬಾ ಇಷ್ಟವಾದ ಜಾಗ ಅದು.

ಮೊದಲು ಒಂದೇ ಒಂದು ಮಾತು. ಮೇಜಿಗೆ ಹೋಗಿ ಕೂರಬೇಡಿ. ಕೌಂಟರ್ ಮುಂದೆ ಎತ್ತರದ ಸ್ಟೂಲ್‌ಗಳಿರುತ್ತವೆ, ಅಲ್ಲೇ ಕೂತುಕೊಳ್ಳಿ. ಸೋಡಾ ಫೌಂಟನ್‌ನಲ್ಲಿ ಮಾಡುವುದನ್ನು ನೋಡುವುದೇ ಅರ್ಧ ಸುಖ. ಮೇಜಿಗೆ ತಂದಿಟ್ಟರೆ ಅದು ಬರೀ ಒಂದು ಲೋಟ ಸಿಹಿನೀರು. ಮಂಡಿನೋವಿದ್ದರೆ ಮಗನಿಗೆ ಹೇಳಿ, ಕೈ ಹಿಡಿದು ಹತ್ತಿಸಲಿ. ನಮ್ಮ ಅತ್ತೆಯನ್ನು ಹಾಗೇ ಹತ್ತಿಸಿದ್ದೆ.

ಈಗ ನಿಮ್ಮ ಯಜಮಾನರ ಪ್ರಶ್ನೆ. ಮಗ ಹೇಳಿದ್ದು ನಿಜ. ಆದರೆ ಜಹಾರಾಕೋಸ್ ಮಾತ್ರ ಔಷಧಿ ಅಂಗಡಿ ಆಗಿರಲಿಲ್ಲ. ಗ್ರೀಸ್‌ನಿಂದ ಬಂದ ಅಣ್ಣತಮ್ಮಂದಿರು 1900ರಲ್ಲಿ ತೆರೆದ ಮಿಠಾಯಿ ಅಂಗಡಿ ಅದು. ಸೇಂಟ್ ಲೂಯಿಸ್‌ನಲ್ಲಿ 1904ರಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿದ್ದ ಆನಿಕ್ಸ್ ಕಲ್ಲಿನ ಸೋಡಾ ಫೌಂಟನ್‌ಗಳನ್ನು, ಅಂದರೆ ಸೋಡಾ ಬಿಡುವ ನಲ್ಲಿಗಳಿರುವ ಯಂತ್ರಗಳನ್ನು, ಇವರು ಮರುವರ್ಷ ಕೊಂಡುಕೊಂಡು ಬಂದರು. 2006ರಲ್ಲಿ ಅಂಗಡಿ ಮುಚ್ಚಿತ್ತು. ಎಲ್ಲ ರಿಪೇರಿ ಮಾಡಿ 2009ರಲ್ಲಿ ಮತ್ತೆ ತೆರೆದರು. ಆ ಕಲ್ಲನ್ನು ಹತ್ತಿರದಿಂದ ನೋಡಿ ಅಮ್ಮಾ. ಹಾಲಿಗೆ ಜೇನುತುಪ್ಪ ಬಿಟ್ಟು ಕಲಕದೇ ಇದ್ದರೆ ಗೆರೆಗೆರೆಯಾಗಿ ಇಳಿಯುತ್ತದಲ್ಲ, ಹಾಗಿದೆ ಅದರ ಬಣ್ಣ.

ಬೇರೆ ಊರುಗಳಲ್ಲಿ ಸೋಡಾ ಫೌಂಟನ್ ಅಂದರೆ ಹೆಚ್ಚಾಗಿ ಔಷಧಿ ಅಂಗಡಿಯೇ. ಕಾರಣ ಸರಳ. ನೆಲದಿಂದ ತಾನಾಗೇ ಗುಳ್ಳೆ ಬರುವ ನೀರು ಉಕ್ಕುವ ಬುಗ್ಗೆಗಳಿದ್ದವಲ್ಲ, ಅದನ್ನು ಕುಡಿದರೆ ಹೊಟ್ಟೆಗೆ ಒಳ್ಳೇದು ಅಂತ ಜನ ನಂಬಿದ್ದರು. ಅಂಥ ನೀರನ್ನು ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ 1767ರಲ್ಲೇ ಕೈಯಿಂದ ಮಾಡಿ ತೋರಿಸಿದ್ದರು. ಆಮೇಲೆ ಅಮೆರಿಕದಲ್ಲಿ ಅದನ್ನು ಮಾರುವವರು ಯಾರು? ಗ್ಯಾಸ್ ಹಿಡಿಯಲು, ತೂಕ ಮಾಡಲು, ಪಾಕ ಕಾಯಿಸಲು ಬರುವವನು ಊರಲ್ಲಿ ಒಬ್ಬನೇ ಇದ್ದ, ಔಷಧಿ ಅಂಗಡಿಯವನು. ಕಹಿ ಔಷಧಿಯನ್ನು ಸಿಹಿ ಪಾಕದಲ್ಲಿ ಕಲಸಿ ಕೊಡುವುದು ಅವನ ದಿನದ ಕೆಲಸ. ಅದೇ ಪಾಕಕ್ಕೆ ಗುಳ್ಳೆಯ ನೀರು ಬೆರೆಸಿದ. ಜನಕ್ಕೆ ರುಚಿ ಹತ್ತಿತು, ಕಾಯಿಲೆ ಇಲ್ಲದವರೂ ಬರತೊಡಗಿದರು.

ಈಗ ಪ್ರಪಂಚವೆಲ್ಲ ಕುಡಿಯುವ ಪಾನೀಯಗಳೇ ಇದಕ್ಕೆ ಸಾಕ್ಷಿ. ಕೋಕಾ ಕೋಲಾ ಮಾಡಿದ ಜಾನ್ ಪೆಂಬರ್ಟನ್ ಔಷಧಿ ಕಸುಬಿನವರು. ಅದು ಮೊದಲು ಲೋಟಕ್ಕೆ ಬಿದ್ದದ್ದು 1886ರಲ್ಲಿ, ಅಟ್ಲಾಂಟಾದ ಒಂದು ಔಷಧಿ ಅಂಗಡಿಯಲ್ಲಿ, ಲೋಟಕ್ಕೆ 5 ಸೆಂಟ್. ಡಾಕ್ಟರ್ ಪೆಪ್ಪರ್ ಅದಕ್ಕಿಂತ ಒಂದು ವರ್ಷ ಮುಂಚೆ ಟೆಕ್ಸಸ್‌ನ ವೇಕೋದಲ್ಲಿ, ಅದೂ ಔಷಧಿ ಅಂಗಡಿ. ಪೆಪ್ಸಿ ಮಾಡಿದ ಕೇಲೆಬ್ ಬ್ರಾಡಮ್ ನಾರ್ತ್ ಕ್ಯಾರೊಲಿನಾದ ಔಷಧಿ ಅಂಗಡಿಯವರು. ಸೆವೆನ್ ಅಪ್ ಕೂಡ 1929ರಲ್ಲಿ ಶುರುವಾದಾಗ ಅದರಲ್ಲಿ ಲಿಥಿಯಂ ಸಿಟ್ರೇಟ್ ಹಾಕುತ್ತಿದ್ದರು. 1948ರವರೆಗೂ ಇತ್ತು. ಇದನ್ನು ನಿಮ್ಮ ಯಜಮಾನರಿಗೆ ತಪ್ಪದೇ ಓದಿ ಹೇಳಿ, ಲಿಥಿಯಂ ಅಂದರೆ ಏನು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ.

ಇನ್ನು ಏನು ತಗೋಬೇಕು ಅನ್ನೋದು. "ಐಸ್ ಕ್ರೀಮ್ ಸೋಡಾ" ಕೇಳಿ. ಸಂಡೇ (ಮೇಲೆ ಸಿರಪ್ ಸುರಿದ ಐಸ್ ಕ್ರೀಮ್), ಬನಾನಾ ಸ್ಪ್ಲಿಟ್ ಎಲ್ಲ ಬೇರೆ ಕಡೆ ಸಿಗುತ್ತೆ. ಐಸ್ ಕ್ರೀಮ್ ಸೋಡಾ ಚೆನ್ನಾಗಿ ಮಾಡುವವರು ಈಗ ಕಡಿಮೆ. ಮಾಡುವಾಗ ಕೈ ನೋಡಿ. ಉದ್ದದ ಗಾಜಿನ ಲೋಟದ ತಳಕ್ಕೆ ಎರಡು ಬೆರಳಿನಷ್ಟು ಸಿರಪ್ ಹಾಕುತ್ತಾರೆ. ಅದಕ್ಕೆ ಒಂದು ಚಮಚ ಐಸ್ ಕ್ರೀಮ್ ಹಾಕಿ ಉದ್ದನೆ ಚಮಚದಲ್ಲಿ ಕಲಸುತ್ತಾರೆ. ಆಮೇಲೆ ಲೋಟ ನಲ್ಲಿಯ ಕೆಳಗೆ ಬರುತ್ತೆ. ಹಂಸದ ಕೊರಳಿನ ಹಾಗೆ ಬಾಗಿರುವ ಆ ಹಳೇ ನಲ್ಲಿಯ ಹಿಡಿಗೆ ಎರಡು ಕೆಲಸ. ಮುಂದಕ್ಕೆ ಎಳೆದರೆ ಸೋಡಾ ದಪ್ಪಗೆ, ಮೆತ್ತಗೆ ಇಳಿಯುತ್ತದೆ. ಆಗ ಗ್ಯಾಸ್ ನೀರಲ್ಲೇ ಉಳಿಯುತ್ತೆ. ಹಿಂದಕ್ಕೆ ತಳ್ಳಿದರೆ ಸೂಜಿಯಂತೆ ಸಣ್ಣ ಧಾರೆ ಜೋರಾಗಿ ಚಿಮ್ಮುತ್ತದೆ. ಲೋಟದಲ್ಲಿರುವುದನ್ನೆಲ್ಲ ಕಲಕಿ ನೊರೆ ಎಬ್ಬಿಸುವುದು ಆ ಧಾರೆ. ಮೊದಲು ದಪ್ಪ ಧಾರೆಯಲ್ಲಿ ಮುಕ್ಕಾಲು ಲೋಟ ತುಂಬಿಸಿ, ಐಸ್ ಕ್ರೀಮ್ ಉಂಡೆಯನ್ನು ಲೋಟದ ಅಂಚಿಗೆ ಸಿಕ್ಕಿಸಿ, ಕೊನೆಗೆ ಸಣ್ಣ ಧಾರೆ. ನೊರೆ ಬಿಳಿ ಟೋಪಿಯ ಹಾಗೆ ಎದ್ದು ನಿಲ್ಲುತ್ತೆ, ಚೆಲ್ಲುವುದಿಲ್ಲ. ಹೀಗೆ ಹಿಡಿ ಎಳೆಯುವುದರಿಂದಲೇ ಆ ಕೆಲಸದವರಿಗೆ ಸೋಡಾ ಜರ್ಕ್ ಅಂತ ಹೆಸರು ಬಂದಿದ್ದು.

ಬಂದ ತಕ್ಷಣ ಚಮಚ ಹಾಕಿ ತಿರುಗಿಸಬೇಡಿ, ಎಲ್ಲ ಉಕ್ಕಿ ಮೇಜಿನ ಮೇಲೆ ಹರಿಯುತ್ತೆ. ಐಸ್ ಕ್ರೀಮ್‌ನ ಒರಟು ಮೈಗೆ ತಾಗಿದಾಗೆಲ್ಲ ಗ್ಯಾಸ್ ಗುಳ್ಳೆ ಕಟ್ಟುತ್ತದೆ, ಅದರಲ್ಲಿರುವ ಹಾಲಿನ ಸಾರ ಆ ಗುಳ್ಳೆ ಒಡೆಯದ ಹಾಗೆ ಹಿಡಿಯುತ್ತೆ. ಮೊದಲು ಸ್ಟ್ರಾದಿಂದ ಕೆಳಗಿನ ತಣ್ಣನೆ ಸೋಡಾ ಒಂದೆರಡು ಗುಟುಕು ಕುಡಿಯಿರಿ. ಆಮೇಲೆ ನೊರೆ. ಐಸ್ ಕ್ರೀಮ್ ಸುತ್ತ ಸೋಡಾ ಹೆಪ್ಪುಗಟ್ಟಿ ತೆಳ್ಳಗೆ ಗರಿಗರಿ ಪದರ ಆಗಿರುತ್ತದೆ, ಅದನ್ನು ಕೊನೆಗೆ ಬಿಡಬೇಡಿ, ಕರಗಿಹೋಗುತ್ತೆ.

ಮೊಟ್ಟೆ ವಿಷಯ. ಇಲ್ಲಿ ಎಲ್ಲ ಐಸ್ ಕ್ರೀಮ್‌ನಲ್ಲೂ ಮೊಟ್ಟೆ ಇರಲ್ಲ. ಆದರೆ "ಫ್ರೆಂಚ್ ವೆನಿಲಾ" ಅಥವಾ "ಫ್ರೋಜನ್ ಕಸ್ಟರ್ಡ್" ಅಂತ ಇದ್ದರೆ ಮೊಟ್ಟೆಯ ಹಳದಿ ಇದೆ ಅಂತಲೇ ತಿಳಿಯಿರಿ. ಕಸ್ಟರ್ಡ್ ಅನ್ನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ತೂಕದಲ್ಲಿ ಕನಿಷ್ಠ 1.4 ಶೇಕಡಾ ಹಳದಿಯ ಘನಾಂಶ ಇರಬೇಕು ಅಂತ ಇಲ್ಲಿ ನಿಯಮವೇ ಇದೆ. ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆ ಮಿಠಾಯಿ ಬೇಡ ಅನ್ನಿ. ಉಂಡೆಯಾಗಿದ್ದರೆ ಜೆಲಾಟಿನ್ ಇರುತ್ತೆ, ಅದು ಪ್ರಾಣಿಯದು. ಮೇಲೆ ಸುರಿಯುವ ಬಗೆಯದಾದರೆ ಸಾಮಾನ್ಯವಾಗಿ ಮೊಟ್ಟೆಯ ಬಿಳಿ. ಒಮ್ಮೆ ಬೇರೆ ಊರಿನ ಒಂದು ಅಂಗಡಿಯಲ್ಲಿ ಮೊಟ್ಟೆ ಇಲ್ಲ ಅಂತ ಬಾಯಿಮಾತಿಗೆ ಹೇಳಿದ್ದನ್ನು ನಂಬಿಬಿಟ್ಟೆ. ಅತ್ತೆ ಅರ್ಧ ತಿಂದ ಮೇಲೆ ಡಬ್ಬದ ಮೇಲೆ ಬರೆದಿದ್ದು ಕಣ್ಣಿಗೆ ಬಿತ್ತು. ಅವರು ಒಂದು ಮಾತೂ ಆಡಲಿಲ್ಲ. ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅದಕ್ಕೇ ಹೇಳ್ತೀನಿ, ಡಬ್ಬದ ಲೇಬಲ್ ತೋರಿಸಿ ಅಂತ ಕೇಳಿ. ಸಂಕೋಚ ಬೇಡ. ಕೇಳಿದರೆ ತೋರಿಸ್ತಾರೆ.

ರೂಟ್ ಬಿಯರ್‌ನಲ್ಲಿ ಮದ್ಯ ಇಲ್ಲ. ಹಿಂದೆ ಬೇರು, ತೊಗಟೆ ಕುದಿಸಿ ಮಾಡುತ್ತಿದ್ದರು, ಆ ಹೆಸರು ಹಾಗೇ ಉಳಿದಿದೆ. ಆದರೆ ಮೊದಲ ಗುಟುಕಿಗೆ ಅಯೋಡೆಕ್ಸ್ ನೆನಪಾಗುತ್ತೆ. ಅದರಲ್ಲಿರುವ ವಿಂಟರ್‌ಗ್ರೀನ್ ಪರಿಮಳವೇ ನೋವಿನ ಮುಲಾಮಿನಲ್ಲೂ ಇರೋದು. ನಮ್ಮಪ್ಪನಿಗೆ ಸೇರಲಿಲ್ಲ, ಚಿಕ್ಕಮ್ಮ ಎರಡು ಲೋಟ ಕುಡಿದರು. ಒಂದು ತರಿಸಿ ಎಲ್ಲರೂ ರುಚಿ ನೋಡಿ ಸಾಕು.

ಬಿಲ್ಲಿಗೆ 7 ಶೇಕಡಾ ರಾಜ್ಯದ ತೆರಿಗೆ ಸೇರುತ್ತೆ. ಬಡಿಸಿದವರಿಗೆ 15ರಿಂದ 20 ಶೇಕಡಾ ಟಿಪ್ಸ್ ಬಿಡೋದು ಇಲ್ಲಿಯ ರೂಢಿ. ಅದು ಮಗನಿಗೆ ಗೊತ್ತಿರುತ್ತೆ ಬಿಡಿ.

ಉತ್ತರ: ನಿಂಬೆಹುಳಿ

ಸಕ್ಕರೆ ಕಾಯಿಲೆಯ ವಿಷಯಕ್ಕೆ ಮಾತ್ರ ನಾನು ಹೇಳ್ತೀನಿ, ನನಗೂ ಇದೆ. ನ್ಯೂಯಾರ್ಕ್‌ನಲ್ಲಿ ಇರೋದು.

ಸರ್‌ಗೆ ಬರೀ ಸೋಡಾ ಕೊಡಿಸಿ, ಮೇಲೆ ಒಂದು ನಿಂಬೆ ಹೋಳು. ಇಲ್ಲಿ ಅದನ್ನು ಸೆಲ್ಟ್ಜರ್ ಅಂತಾರೆ. ಅದನ್ನು ಕೇಳಿದರೆ ಯಾರೂ ಕೀಳಾಗಿ ನೋಡಲ್ಲ. ಹಿಂದೆ ಈ ಊರಿನಲ್ಲಿ "ಟೂ ಸೆಂಟ್ಸ್ ಪ್ಲೇನ್" ಅಂತ ಕೇಳುತ್ತಿದ್ದರು, ಎರಡು ಸೆಂಟಿಗೆ ಒಂದು ಲೋಟ ಬರೀ ಸೋಡಾ. ಬಡವರ ಪಾನೀಯ ಅದು. ಸ್ವಲ್ಪ ರುಚಿ ಬೇಕಂದರೆ ಸಿರಪ್ ಕಾಲು ಭಾಗ ಮಾತ್ರ ಹಾಕಿ ಅಂತ ಕೇಳಬಹುದು. ಕಣ್ಣೆದುರಿಗೇ ಅಳೆದು ಹಾಕುವ ಜಾಗ ಆದ್ದರಿಂದ ಇದು ಸಾಧ್ಯ. ಬಾಟಲಿಯಲ್ಲಿ ಬಂದಿದ್ದನ್ನು ಕಡಿಮೆ ಸಿಹಿ ಮಾಡಿ ಅನ್ನೋಕಾಗಲ್ಲ ಅಲ್ವಾ?

ನಮ್ಮ ಊರಿಗೆ ಬಂದರೆ ಲೆಕ್ಸಿಂಗ್‌ಟನ್ ಕ್ಯಾಂಡಿ ಶಾಪ್‌ಗೆ ಬನ್ನಿ. 1925ರ ಅಂಗಡಿ. ಕೋಕ್ ಕೇಳಿದರೆ ಈಗಲೂ ಸಿರಪ್ ಹಾಕಿ, ಮೇಲೆ ಸೋಡಾ ಬಿಟ್ಟು, ಚಮಚದಲ್ಲಿ ತಿರುಗಿಸಿ ಕೊಡ್ತಾರೆ. ಇನ್ನೊಂದು ವಿಷಯ. ಇಲ್ಲಿ ಮೆನುವಿನಲ್ಲಿ "ಎಗ್ ಕ್ರೀಮ್" ಅಂತ ಇರುತ್ತೆ. ಹೆಸರು ನೋಡಿ ಹೆದರಬೇಡಿ. ಅದರಲ್ಲಿ ಎಗ್ಗೂ ಇಲ್ಲ, ಕ್ರೀಮೂ ಇಲ್ಲ. ಹಾಲು, ಸೋಡಾ, ಚಾಕೊಲೇಟ್ ಸಿರಪ್, ಮೂರೇ. ಮೊಟ್ಟೆ ತಿನ್ನದ ನಮ್ಮಮ್ಮ ಇದನ್ನು ಮನೆಯಲ್ಲೇ ಮಾಡಲು ಕಲಿತಿದ್ದಾರೆ.

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಓದಿ ಹೇಳಿದೆ. ಲಿಥಿಯಂ ಅಂದ ಕೂಡಲೇ ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು. "ಅದನ್ನು ಮನಸ್ಸಿನ ಕಾಯಿಲೆಗೆ ಕೊಡೋದು, ಅದೂ ರಕ್ತ ಪರೀಕ್ಷೆ ಮಾಡಿಸಿಕೊಂಡು" ಅಂದರು. ಈಗ ಅವರದೇ ಎರಡು ಪ್ರಶ್ನೆ. ಸಿಲಿಂಡರ್ ಇಲ್ಲದ ಕಾಲದಲ್ಲಿ ಆ ಅಂಗಡಿಯವರು ಗ್ಯಾಸ್ ಎಲ್ಲಿಂದ ತರುತ್ತಿದ್ದರು? ಮತ್ತೆ ಮೆನುವಿನಲ್ಲಿ "ಫಾಸ್ಫೇಟ್" ಅಂತ ಇರುತ್ತದಂತೆ, ಮಗ ಫೋನಿನಲ್ಲಿ ತೋರಿಸಿದ. ಅದು ತಿನ್ನುವ ಪದಾರ್ಥವೇ?

ಉತ್ತರ: ಮಲ್ಲಿಗೆಬಳ್ಳಿ

ಅಮ್ಮಾ, ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ಅವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಗ್ಯಾಸನ್ನು ಅಂಗಡಿಯಲ್ಲೇ ಮಾಡುತ್ತಿದ್ದರು. ಅಮೃತಶಿಲೆಯ ಚೂರಿಗೆ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್, ಸುರಿದರೆ ಕಾರ್ಬನ್ ಡೈಆಕ್ಸೈಡ್ ಬುಸುಬುಸು ಏಳುತ್ತದೆ. ಅದನ್ನು ನೀರಿನಲ್ಲಿ ಹಾಯಿಸಿ ತೊಳೆದು, ತಣ್ಣನೆ ನೀರಿರುವ ಗಟ್ಟಿ ಪಾತ್ರೆಗೆ ಒತ್ತಡದಲ್ಲಿ ಕಳಿಸುತ್ತಿದ್ದರು. ನೀರು ತಣ್ಣಗಿದ್ದಷ್ಟೂ ಗ್ಯಾಸ್ ಜಾಸ್ತಿ ಹಿಡಿಯುತ್ತೆ, ಅದಕ್ಕೇ ಕೊಳವೆಯನ್ನು ಐಸ್ ನಡುವೆ ಸುತ್ತಿ ತರುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಜಾನ್ ಮ್ಯಾಥ್ಯೂಸ್ ಅನ್ನುವವರು ನ್ಯೂಯಾರ್ಕ್‌ನಲ್ಲಿ 1832ರಿಂದ ಇಂಥ ಯಂತ್ರ ಮಾಡಿ ಮಾರಿದರು. ಅಲ್ಲಿ ಸೇಂಟ್ ಪ್ಯಾಟ್ರಿಕ್ಸ್ ದೊಡ್ಡ ಚರ್ಚು ಕಟ್ಟುವಾಗ ಉಳಿದ ಅಮೃತಶಿಲೆಯ ಚೂರುಗಳನ್ನೆಲ್ಲ ಅವರೇ ಕೊಂಡರು ಅಂತ ಹೇಳುತ್ತಾರೆ. ಇದು ಅಪಾಯದ ಕೆಲಸ. ಒತ್ತಡ ಹೆಚ್ಚಾದರೆ ಪಾತ್ರೆ ಸಿಡಿಯುತ್ತಿತ್ತು. ಆಸಿಡ್ ಜೊತೆ ಕೆಲಸ ಮಾಡಿ ಗೊತ್ತಿದ್ದವರೇ ಬೇಕಿತ್ತು. ಔಷಧಿ ಅಂಗಡಿಗೂ ಸೋಡಾಕ್ಕೂ ಏನು ಸಂಬಂಧ ಅಂತ ಕೇಳಿದ್ದರಲ್ಲ, ಇದೂ ಒಂದು.

ಫಾಸ್ಫೇಟ್ ಅಂದರೆ ಹುಳಿ. ಆಸಿಡ್ ಫಾಸ್ಫೇಟ್ ಅನ್ನುವ ದ್ರವ ಆ ಕಾಲದ ಔಷಧಿ ಅಂಗಡಿಯ ಕಪಾಟಿನಲ್ಲಿ ಇದ್ದೇ ಇರುತ್ತಿತ್ತು, ನರಗಳಿಗೆ ಬಲ ಅಂತ ಕೊಡುತ್ತಿದ್ದರು. ಹಣ್ಣಿನ ಸಿರಪ್‌ಗೆ ಅದರ ಕೆಲವು ಹನಿ ಹಾಕಿ ಸೋಡಾ ಬಿಟ್ಟರೆ ಚೆರಿ ಫಾಸ್ಫೇಟ್. ನಿಂಬೆಯ ಹುಳಿಗೆ ಅದರದೇ ವಾಸನೆ ಇರುತ್ತದಲ್ಲ, ಇದಕ್ಕೆ ಯಾವ ವಾಸನೆಯೂ ಇಲ್ಲ. ನಾಲಿಗೆಯ ಅಂಚಿನಲ್ಲಿ ಚುರುಕ್ ಅನ್ನುತ್ತೆ ಅಷ್ಟೇ. ಸಿಹಿ ಜಾಸ್ತಿ ಸೇರದವರಿಗೆ ಒಳ್ಳೇದು.

ಇನ್ನೊಂದು ಹೇಳುವುದು ಮರೆತಿದ್ದೆ. "ಮಾಲ್ಟ್" ಅಂತ ಮೆನುವಿನಲ್ಲಿ ಕಂಡರೆ ಅದು ನಮ್ಮ ಹಾರ್ಲಿಕ್ಸ್ ಬಗೆಯ ಪುಡಿಯೇ. ಹಾರ್ಲಿಕ್ ಅಣ್ಣತಮ್ಮಂದಿರು ಇಂಗ್ಲೆಂಡಿನಿಂದ ಬಂದು ವಿಸ್ಕಾನ್ಸಿನ್‌ನ ರಸೀನ್ ಊರಿನಲ್ಲಿ ಕಾರ್ಖಾನೆ ಹಾಕಿದರು. ಅವರಲ್ಲಿ ಜೇಮ್ಸ್ ಔಷಧಿ ಕಸುಬು ಕಲಿತವರು. ಹಾಲು ಬೆರೆತ ಆ ಪುಡಿಗೆ 1883ರಲ್ಲಿ ಪೇಟೆಂಟ್ ತೆಗೆದುಕೊಂಡರು. ಮಕ್ಕಳಿಗೆ, ಕಾಯಿಲೆಯವರಿಗೆ ಅಂತ ಮಾಡಿದ್ದು ಅದು. 1922ರಲ್ಲಿ ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಕೌಂಟರ್‌ನಲ್ಲಿ ಕೆಲಸ ಮಾಡುತ್ತಿದ್ದ ಐವರ್ ಕೌಲ್ಸನ್ ಮಾಲ್ಟ್ ಹಾಲಿಗೆ ಐಸ್ ಕ್ರೀಮ್ ಹಾಕಿ ತಿರುಗಿಸಿದರು. ಅಲ್ಲಿಂದ ಮುಂದೆ ದೊಡ್ಡವರೂ ಸಾಲುಗಟ್ಟಿ ಕುಡಿದರು. ಉದ್ದನೆ ಸ್ಟೀಲ್ ಲೋಟದಲ್ಲಿ ತಿರುಗಿಸಿ ಗಾಜಿನ ಲೋಟಕ್ಕೆ ಬಗ್ಗಿಸಿ, ಉಳಿದಿದ್ದನ್ನು ಸ್ಟೀಲ್ ಲೋಟ ಸಮೇತ ನಿಮ್ಮ ಮುಂದೆ ಇಡ್ತಾರೆ. ಹಾಗೆ ಇಟ್ಟರೆ ಅದು ಒಳ್ಳೆಯ ಅಂಗಡಿ ಅಂತ ನನ್ನ ಲೆಕ್ಕ.

ಅಂಗಡಿಯೊಳಗೆ ವೆಲ್ಟೆ ಕಂಪನಿಯ ದೊಡ್ಡ ಆರ್ಕೆಸ್ಟ್ರಿಯನ್ ಇದೆ. ಬೀರುವಿನಂಥ ಪೆಟ್ಟಿಗೆ, ಒಳಗೆ ಕೊಳಲು, ಡೋಲು. ತೂತು ಹೊಡೆದ ಕಾಗದದ ಸುರುಳಿ ಓಡಿದ ಹಾಗೆ ತಾನಾಗೇ ನುಡಿಯುತ್ತೆ. ಯಾವಾಗ ನುಡಿಸ್ತೀರಿ ಅಂತ ಹೋದ ಕೂಡಲೇ ಕೇಳಿ.

ಉತ್ತರ: ಕಪ್ಪುಹಲಗೆ

ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಬೇಸರ ಮಾಡಿಕೊಳ್ಳಬೇಡಿ.

ನಾನು ನಾರ್ತ್ ಕ್ಯಾರೊಲಿನಾದಲ್ಲಿದ್ದೇನೆ. ಇಲ್ಲಿ ಗ್ರೀನ್ಸ್‌ಬರೋ ಊರಿನಲ್ಲಿ ಇಂಥದೇ ಒಂದು ಕೌಂಟರ್ ಇದೆ, ಈಗ ಅದು ಮ್ಯೂಸಿಯಂ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಉದ್ದನೆ ಕೌಂಟರ್, ಸಾಲಾಗಿ ಸ್ಟೂಲ್‌ಗಳು. ನೀವು ಶನಿವಾರ ಹತ್ತಿ ಕೂರುತ್ತೀರಲ್ಲ, ಅಂಥವೇ. 1960ರ ಫೆಬ್ರುವರಿ 1ರಂದು ನಾಲ್ಕು ಕಪ್ಪು ವಿದ್ಯಾರ್ಥಿಗಳು ಬಂದು ಅವುಗಳ ಮೇಲೆ ಕೂತು ಕಾಫಿ ಕೇಳಿದರು. ಅದೇ ಅಂಗಡಿಯಲ್ಲಿ ಅವರು ಸಾಮಾನು ಕೊಳ್ಳಬಹುದಿತ್ತು, ದುಡ್ಡು ತೆಗೆದುಕೊಳ್ಳುತ್ತಿದ್ದರು. ಕೌಂಟರ್‌ನಲ್ಲಿ ಕೂರುವ ಹಾಗಿರಲಿಲ್ಲ, ಅದು ಬಿಳಿಯರಿಗೆ ಮಾತ್ರ. ಕಾಫಿ ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಮರುದಿನ ಇನ್ನೂ ಹೆಚ್ಚು ಜನ ಬಂದು ಕೂತರು. ಜುಲೈ 25ಕ್ಕೆ ಅಂಗಡಿಯವರು ಒಪ್ಪಬೇಕಾಯಿತು. ಅದಕ್ಕೂ ಎರಡು ವರ್ಷ ಮುಂಚೆ, 1958ರಲ್ಲಿ, ಕಾನ್ಸಸ್‌ನ ವಿಚಿಟಾದಲ್ಲಿ ಹೀಗೇ ನಡೆದಿತ್ತು. ಅದು ಔಷಧಿ ಅಂಗಡಿಯ ಕೌಂಟರ್.

ಸೋಡಾ ಫೌಂಟನ್ ಅಂದರೆ ಎಲ್ಲರೂ ಬಂದು ಕೂರುತ್ತಿದ್ದ ಚಂದದ ಜಾಗ ಅಂತ ಇಲ್ಲಿಯವರು ನೆನಪಿಸಿಕೊಳ್ಳುವುದನ್ನು ಕೇಳಿದ್ದೇನೆ. ಎಲ್ಲರೂ ಕೂರುತ್ತಿರಲಿಲ್ಲ. ನನ್ನ ಮಗಳಿಗೆ ಆಗ 9 ವರ್ಷ. "ಅವರಿಗೆ ಬಾಯಾರಿಕೆ ಆಗಿರಲಿಲ್ವಾ ಅಪ್ಪಾ, ಅಷ್ಟು ಹೊತ್ತು?" ಅಂತ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಕೈ ಹಿಡಿದುಕೊಂಡು ನಿಂತೆ.

ನೀವು ಖಂಡಿತ ಹೋಗಿ ಬನ್ನಿ, ಕೌಂಟರ್‌ನಲ್ಲೇ ಕೂತುಕೊಳ್ಳಿ ಮೇಡಂ. ಸುಮ್ನೆ ಇದು ಗೊತ್ತಿರಲಿ ಅಂತ ಬರೆದೆ.

ತುಂಗಾತೀರ

ಹೋಗಿ ಬಂದೆವು. ನೀವು ಮೂವರೂ ಬರೆದಿದ್ದನ್ನು ಕಾಗದದ ಮೇಲೆ ಇಳಿಸಿಕೊಂಡು ಹೋಗಿದ್ದೆ.

ಕೊನೆಯದನ್ನು ಬರೆದವರಿಗೆ ಮೊದಲು ಹೇಳಬೇಕು. ಬೇಸರ ಏನೂ ಆಗಲಿಲ್ಲ. ಒಳ್ಳೇದೇ ಮಾಡಿದಿರಿ. ಸ್ಟೂಲ್ ಮೇಲೆ ಕೂತಾಗ ಆ ನಾಲ್ಕು ಹುಡುಗರು ನೆನಪಾದರು. ಮೊಮ್ಮಗನಿಗೆ ಅಲ್ಲೇ ಹೇಳಿದೆ. ಅವನು ಶಾಲೆಯಲ್ಲಿ ಓದಿದ್ದೇನೆ ಅಂದ, ಹೆಸರು ಸಮೇತ ಹೇಳಿದ.

ಮಧ್ಯಾಹ್ನ ಮೂರು ಗಂಟೆಗೆ ಹೋದದ್ದು, ಕೌಂಟರ್ ಖಾಲಿ ಇತ್ತು. ಲೋಟ ತುಂಬಿಸುತ್ತಿದ್ದವಳು ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ. ಲೇಬಲ್ ನೋಡಬೇಕು ಅಂದೆ. ಮುಖ ಸಿಂಡರಿಸದೆ ಡಬ್ಬವನ್ನೇ ಎತ್ತಿ ತಂದಳು. ನಾನು ಚಾಕೊಲೇಟ್ ಐಸ್ ಕ್ರೀಮ್ ಸೋಡಾ ಹೇಳಿದೆ, ಮಗ ಮಾಲ್ಟ್, ಸೊಸೆ ಮತ್ತು ಮೊಮ್ಮಗ ಒಂದು ರೂಟ್ ಬಿಯರ್ ಹಂಚಿಕೊಂಡರು. ಯಜಮಾನರು ಸೋಡಾ, ನಿಂಬೆ ಹೋಳು. ಸಿರಪ್ ಕಾಲು ಭಾಗ ಹಾಕಿಸಿಕೊಳ್ಳಿ ಅಂದೆ. ಬೇಡ ಅಂದರು. ಆಮೇಲೆ ಅವಳು ಸಿರಪ್ ಅಳೆಯುವುದನ್ನು ನೋಡಿ ಮನಸ್ಸು ಬದಲಾಯಿಸಿದರು.

ಅಮ್ಮಾ ಮಲ್ಲಿಗೆಬಳ್ಳಿ, ನೀವು ಬರೆದ ಆ ಗರಿಗರಿ ಪದರ ಸಿಕ್ಕಿತು. ಉಂಡೆಯ ಕೆಳಗಡೆ, ಸೋಡಾ ತಾಗುವ ಕಡೆ. ಚಮಚದಲ್ಲಿ ಕೆರೆದರೆ ಸಣ್ಣ ಹರಳಿನ ಹಾಗೆ ಬರುತ್ತದೆ, ಬಾಯಲ್ಲಿ ಚರ್ ಅನ್ನುತ್ತದೆ. ಇಷ್ಟು ವರ್ಷ ಐಸ್ ಕ್ರೀಮ್ ತಿಂದಿದ್ದೇನೆ, ಈ ರುಚಿ ಗೊತ್ತಿರಲಿಲ್ಲ.

ಮಗ ಸ್ಟೀಲ್ ಲೋಟದಲ್ಲಿ ಉಳಿದಿದ್ದ ಮಾಲ್ಟನ್ನು ನನ್ನ ಕಡೆ ಸರಿಸಿದ. ಹೌದು, ಹಾರ್ಲಿಕ್ಸ್ ಪರಿಮಳವೇ. ಇವನಿಗೆ ಟೈಫಾಯ್ಡ್ ಆಗಿದ್ದಾಗ ತಿಂಗಳುಗಟ್ಟಲೆ ಅದನ್ನೇ ಕುಡಿಸಿದ್ದೆ. "ಆಗ ಬಿಸಿ ಇರುತ್ತಿತ್ತು, ಇದು ತಣ್ಣಗಿದೆ ಅಷ್ಟೇ" ಅಂದ. ಅವನಿಗೆ ಆಗ ಆರು ವರ್ಷ. ನೆನಪಿರಲಾರದು ಅಂದುಕೊಂಡಿದ್ದೆ.

ಯಜಮಾನರು ಕುಡಿದದ್ದಕ್ಕಿಂತ ನೋಡಿದ್ದೇ ಜಾಸ್ತಿ. ಹುಡುಗಿ ಹಿಡಿ ಹಿಂದಕ್ಕೆ ತಳ್ಳಿದಾಗ ನನ್ನ ಮೊಣಕೈ ಮುಟ್ಟಿ, "ನೋಡು, ಸಣ್ಣ ಧಾರೆ" ಅಂದರು. ಅವರು ಅಷ್ಟು ಹತ್ತಿರ ಬಗ್ಗಿ ನೋಡುವುದನ್ನು ಕಂಡು ಆ ಹುಡುಗಿ ಏನಾದರೂ ಬೇಕಾ ಅಂತ ಕೇಳಿದಳು. ಮಗ ಹೇಳಿದ, ಇವರು ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು ಅಂತ. ಅವಳು ಕೈ ಒರೆಸಿಕೊಂಡು, ಪಕ್ಕದಲ್ಲಿ ಹಳೇ ಫೌಂಟನ್‌ಗಳನ್ನು ಇಟ್ಟಿರುವ ಕಡೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಕಲ್ಲಿನ ಪೆಟ್ಟಿಗೆಯ ಮೈಮೇಲೆ ಸಾಲಾಗಿ ಸಿರಪ್ಪಿನ ನಲ್ಲಿಗಳು, ಒಂದೊಂದಕ್ಕೂ ಹೆಸರು. ಯಜಮಾನರು ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿದರು. ಅಂಗಡಿಯಲ್ಲಿ ಬಾಟಲಿ ಓದುವಾಗಲೂ ಹೀಗೇ, ತುಟಿ ಅಲ್ಲಾಡಿಸಿ. ಅಂಗಡಿ ಮಾರಿ ಆರು ವರ್ಷವಾಯಿತು. ಆಮೇಲೆ ಅವರು ಹಾಗೆ ಓದಿದ್ದನ್ನು ನಾನು ನೋಡಿರಲಿಲ್ಲ.

ನೊಣದ ಮಾತು ಮತ್ತೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಮಗನ ಅಡುಗೆಮನೆಯಲ್ಲಿ ಔನ್ಸ್ ಗ್ಲಾಸ್ ಹುಡುಕಿದರು. ಸಿಗಲಿಲ್ಲ. ಕೊನೆಗೆ ಮೊಮ್ಮಗನ ಕೆಮ್ಮಿನ ಸಿರಪ್ಪಿನ ಮೇಲೆ ಬರುವ ಸಣ್ಣ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಚೆನ್ನಾಗಿ ತೊಳೆದು, ಅದರಲ್ಲಿ ನಿಂಬೆರಸ ಅಳೆದರು. ಭಾನುವಾರ ಸಂಜೆ ನಮಗೆಲ್ಲ ಅವರೇ ಸೋಡಾ ಮಾಡಿಕೊಟ್ಟರು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಗೆರೆ ನೋಡಿ, ಆಮೇಲೆ ಕೈಗೆ ಕೊಟ್ಟರು.